ಉಳಿತಾಯವನ್ನು ಅಳೆಯುವವರು ಯಾರು?

ಮಾನ್ಯ ಸಂಪಾದಕರೇ,

ದೊಡ್ಡ ಕಾರ್ಖಾನೆಗಳಲ್ಲಿ ಇಂಧನ ಪೋಲಾಗುವುದನ್ನು ತಡೆಯಲು ಸರ್ಕಾರ ಮತ್ತು ಖಾಸಗಿಯವರು ಕೈಜೋಡಿಸಬೇಕೆಂಬ ಮಾತು ಪ್ರತಿವರ್ಷ ಡಿಸೆಂಬರ್ 14ರ ಇಂಧನ ಸಂರಕ್ಷಣಾ ದಿನದಂದು ತಪ್ಪದೇ ಕೇಳಿಬರುತ್ತದೆ. ಸಿಮೆಂಟ್ ಕಾರ್ಖಾನೆಯ ವಿದ್ಯುತ್ ವಿಭಾಗದಲ್ಲಿ ದುಡಿದು ನಿವೃತ್ತನಾಗಿರುವ ನಾನು, ಈ ಸಹಭಾಗಿತ್ವ ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ.

ಶಟ್‌ಡೌನ್ ದಿನ ಯಂತ್ರಗಳೆಲ್ಲ ನಿಂತಾಗ ಗಾಳಿಯ ಪೈಪುಗಳ ಪಕ್ಕ ನಡೆದರೆ ಪ್ರತಿ ಜೋಡಣೆಯಲ್ಲೂ ‘ಸ್ಸ್’ ಎಂಬ ಸದ್ದು ಕೇಳುತ್ತಿತ್ತು. ಯಾರೂ ಬಳಸದ ಆ ಗಾಳಿಗಾಗಿ ಕಂಪ್ರೆಸರ್ ಮಾತ್ರ ಆಗಾಗ ವಿದ್ಯುತ್ ಎಳೆದು ಗಾಳಿ ತುಂಬುತ್ತಲೇ ಇರುತ್ತಿತ್ತು. ದೊಡ್ಡ ಫ್ಯಾನುಗಳದ್ದು ಇನ್ನೊಂದು ಕಥೆ. ಕಡಿಮೆ ಗಾಳಿ ಸಾಕಾದಾಗ ಗಾಳಿಯ ಹಾದಿಗೆ ಅಡ್ಡವಿರುವ ತಡೆಬಾಗಿಲನ್ನು, ಅಂದರೆ ಡ್ಯಾಂಪರನ್ನು ಅರ್ಧ ಮುಚ್ಚಿ, ಮೋಟರನ್ನು ಮಾತ್ರ ಪೂರ್ಣ ವೇಗದಲ್ಲೇ ಓಡಿಸುವುದು ಹಳೆಯ ರೂಢಿ. ಅದರ ಬದಲು ಮೋಟರಿನ ವೇಗವನ್ನು ಬೇಕಾದಂತೆ ಬದಲಿಸುವ ಸಾಧನವಾದ ವಿಎಫ್‌ಡಿ ಅಳವಡಿಸಿ ಫ್ಯಾನಿನ ವೇಗವನ್ನೇ ಶೇ 20ರಷ್ಟು ಇಳಿಸಿದರೆ, ಲೆಕ್ಕದ ಪ್ರಕಾರ ಬೇಕಾಗುವ ವಿದ್ಯುತ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ತಂತ್ರಜ್ಞಾನದ ಕೊರತೆ ಎಂದೂ ಇರಲಿಲ್ಲ.

ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2012ರಲ್ಲಿ ಆರಂಭಿಸಿದ ‘ಪ್ಯಾಟ್’ (ಪರ್ಫಾರ್ಮ್, ಅಚೀವ್ ಅಂಡ್ ಟ್ರೇಡ್) ಯೋಜನೆ, ಎಂಟು ವಲಯಗಳ 478 ಘಟಕಗಳಿಗೆ ಗುರಿ ನಿಗದಿಪಡಿಸಿ, ಗುರಿ ಮೀರಿ ಉಳಿಸಿದವರು ಅದರ ಪ್ರಮಾಣಪತ್ರಗಳನ್ನು ಗುರಿ ಮುಟ್ಟದವರಿಗೆ ಮಾರಲು ಅವಕಾಶ ಕೊಟ್ಟಿತು. ಮೊದಲ ಸುತ್ತಿನ ಉಳಿತಾಯ ಗುರಿಯನ್ನೂ ದಾಟಿತು. ಆದರೆ ಹೂಡಲು ಹಣವಿದ್ದವರಿಗೆ ಒಪ್ಪುವ ಏರ್ಪಾಡು ಅದು. ಹಳೆಯ ಬಾಯ್ಲರುಗಳನ್ನೇ ನಂಬಿಕೊಂಡಿರುವ ಸಹಕಾರಿ ಸಕ್ಕರೆ ಕಾರ್ಖಾನೆಗಳಂಥವಕ್ಕೆ ಉಳಿದ ದಾರಿಯೆಂದರೆ ‘ಎಸ್ಕೊ’ (ಇಂಧನ ಸೇವಾ ಕಂಪನಿ) ಒಪ್ಪಂದ: ಸೇವಾ ಕಂಪನಿ ತನ್ನ ಹಣದಲ್ಲಿ ಯಂತ್ರ ಬದಲಿಸುತ್ತದೆ, ಉಳಿತಾಯವಾದ ವಿದ್ಯುತ್ತಿನ ಹಣದಲ್ಲಿ ಪಾಲು ಪಡೆಯುತ್ತದೆ. ಕಾಗದದ ಮೇಲೆ ಯಾರಿಗೂ ನಷ್ಟವಿಲ್ಲ.

ನಾನಿದ್ದ ಕಡೆ ಇಂಥದೊಂದು ಒಪ್ಪಂದ ಎರಡನೇ ವರ್ಷಕ್ಕೇ ಕೆಟ್ಟಿತು. ಆ ವರ್ಷ ಉತ್ಪಾದನೆ ಕುಸಿದಿತ್ತು. ಬಿಲ್ ಇಳಿದದ್ದು ಅದರಿಂದ ಎಂದು ಆಡಳಿತ ವರ್ಗ, ತಮ್ಮ ವಿಎಫ್‌ಡಿಯಿಂದ ಎಂದು ಕಂಪನಿ. ಎರಡೂ ಸ್ವಲ್ಪ ಸ್ವಲ್ಪ ನಿಜವೇ. ಪ್ರತಿ ಟನ್ನಿಗೆ ಮೊದಲು ಎಷ್ಟು ಯೂನಿಟ್ ಖರ್ಚಾಗುತ್ತಿತ್ತು ಎಂಬುದನ್ನು ಇಬ್ಬರೂ ಒಪ್ಪಿ ಬರೆದಿಟ್ಟಿರಲಿಲ್ಲ. ಕೊನೆಗೆ ಪಾವತಿ ನಿಂತಿತು, ಸರ್ವಿಸ್ ನಿಂತಿತು, ನಮ್ಮ ಆಪರೇಟರುಗಳು ಮತ್ತೆ ಡ್ಯಾಂಪರಿಗೇ ಮರಳಿದರು.

ಎಲ್‌ಇಡಿ ಬಲ್ಬುಗಳನ್ನು ಸಗಟಾಗಿ ಖರೀದಿಸಿ ಬೆಲೆ ಇಳಿಸಿದ, ಕೇಂದ್ರದ ಸಾರ್ವಜನಿಕ ವಲಯದ ಕಂಪನಿ ಇಇಎಸ್ಎಲ್‌ನ ಯಶಸ್ಸನ್ನೇ ಇಲ್ಲಿಗೂ ಮಾದರಿಯಾಗಿ ತೋರಿಸಲಾಗುತ್ತದೆ. ಮೋಟರುಗಳನ್ನು ಸಗಟಾಗಿ ಕೊಳ್ಳುವ ಮಟ್ಟಿಗೆ ಅದು ಸರಿ. ಆದರೆ ಹಂಚಿದ ಬಲ್ಬುಗಳನ್ನು ಎಣಿಸಿದಂತೆ ಕಾರ್ಖಾನೆಯ ಉಳಿತಾಯವನ್ನು ಎಣಿಸಲಾಗದು. ಆದ್ದರಿಂದ ಸರ್ಕಾರ ಸಬ್ಸಿಡಿಗಿಂತ ಮೊದಲು ಅಳತೆಗಾರನ ಹೊಣೆ ಹೊರಬೇಕು. ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ಸಂಸ್ಥೆಯಾದ ಕ್ರೆಡಲ್, ಮಾನ್ಯತೆ ಪಡೆದ ಇಂಧನ ಲೆಕ್ಕಪರಿಶೋಧಕರನ್ನು ತಾನೇ ನೇಮಿಸಿ, ಅವರ ಶುಲ್ಕವನ್ನು ಸಾಮಾನ್ಯ ನಿಧಿಯಿಂದ ಭರಿಸಿ, ಒಪ್ಪಂದಕ್ಕೆ ಮುನ್ನವೇ ಪ್ರತ್ಯೇಕ ಮೀಟರ್ ಹಾಕಿಸಿ ಮೂಲ ಬಳಕೆಯನ್ನು ದಾಖಲಿಸಬೇಕು. ಉಳಿತಾಯದ ಹಣ ಮೂರನೆಯವರ ಖಾತೆಯ ಮೂಲಕವೇ ಹಂಚಿಕೆಯಾಗಬೇಕು.

ಪ್ರಯೋಗಕ್ಕೆ ರಾಜ್ಯ ಸರ್ಕಾರದ ಒಡೆತನದಲ್ಲೇ ಇರುವ ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ಇದೆ. ಮುಂದಿನ ಹಂಗಾಮಿನ ಕಬ್ಬು ನುರಿಸುವ ಮೊದಲೇ ಅಲ್ಲಿ ಮೀಟರ್ ಅಳವಡಿಸಿ, ಹಂಗಾಮು ಮುಗಿದ ಮೇಲೆ ಟನ್ನಿಗೆ ತಗುಲಿದ ವಿದ್ಯುತ್ ಮತ್ತು ಉಗಿಯ ಲೆಕ್ಕವನ್ನು ಪ್ರಕಟಿಸಬೇಕೆಂದು ಇಂಧನ ಇಲಾಖೆಯನ್ನು ಕೋರುತ್ತೇನೆ.

– ನಿವೃತ್ತ ಎಲೆಕ್ಟ್ರಿಕಲ್ ಎಂಜಿನಿಯರ್, ಕಲಬುರಗಿ