ಬಿಸಿ ಇಡ್ಲಿ ತಣ್ಣಗೆ ಮಾಡಿ ತಿನ್ನೋದು ಯಾಕೆ?

ಸಂಪಾದಕರೇ,

ಭಾನುವಾರ ಬೆಳಿಗ್ಗೆ ಮುಂಬಯಿಯ ಮಾಟುಂಗಾದಲ್ಲಿ ಇಡ್ಲಿಗಾಗಿ ಜನ ಬೀದಿವರೆಗೂ ಸಾಲು ನಿಲ್ಲುತ್ತಾರೆ. ಅದು ನನಗೆ ಅರ್ಥವಾಗುತ್ತದೆ. 1942ರಲ್ಲಿ ರಾಮ ನಾಯಕರು ಇಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಎಂಬ ಊಟದ ಹೋಟೆಲ್ ಶುರು ಮಾಡಿದರು, ನಮ್ಮ ರುಚಿ ಮುಂಬಯಿಗೆ ಹತ್ತಿ ಎಷ್ಟೋ ಕಾಲವಾಯಿತು. ಅರ್ಥವಾಗದ್ದು ಆಮೇಲಿನ ಕಥೆ. ಅಷ್ಟು ಹೊತ್ತು ಕಾದು, ತಟ್ಟೆ ಮೇಜಿಗೆ ಬಂದ ಮೇಲೆ, ಹಬೆಯಾಡುವ ಇಡ್ಲಿ ಮುಟ್ಟದೆ ಚಟ್ನಿ ಬಟ್ಟಲನ್ನು ಆ ಕಡೆ ಈ ಕಡೆ ಸರಿಸಿ, ಒಬ್ಬರು ಸಾಂಬಾರ್ ಸುರಿಯುವುದನ್ನು ಇನ್ನೊಬ್ಬರು ವಿಡಿಯೋ ಮಾಡಿ, ಸರಿ ಬರಲಿಲ್ಲ ಅಂತ ಮತ್ತೆ ಸುರಿಸಿ... ಅಷ್ಟರಲ್ಲಿ ಕಾಫಿ ಕೆನೆ ಕಟ್ಟಿರುತ್ತದೆ! ಹೊರಗೆ ಹಸಿದು ನಿಂತವರ ಗತಿ?

ಲೋಕಲ್ ರೈಲಿನಲ್ಲಿ ಸ್ಪೀಕರ್ ಹಾಕಿ ರೀಲ್ಸ್ ನೋಡುವವರೂ ಒಂದು ಒಗಟು. ಕಲ್ಯಾಣ್ ಫಾಸ್ಟ್‌ನಲ್ಲಿ ಕಾಲಿಡಲು ಜಾಗವಿರಲ್ಲ, ಕಿವಿಗಾದರೂ ಸ್ವಲ್ಪ ಬಿಡುವು ಬೇಡ್ವಾ?

ಹರಿದ ಜೀನ್ಸ್ ಬಿಡಿ, ಅವರವರ ದುಡ್ಡು. ಆದರೆ ಹುಟ್ಟುಹಬ್ಬದ ಕೇಕನ್ನು ತಿನ್ನದೆ ಮುಖಕ್ಕೆ ಮೆತ್ತುವುದು ಯಾವ ಸಡಗರ? ನಮ್ಮ ಸೊಸೈಟಿಯ ಲಿಫ್ಟ್ ಮರುದಿನವೂ ಅಂಟಂಟು. ಒರೆಸುವವರು ಕಸ ಗುಡಿಸುವವರೇ ಹೊರತು ಮೆತ್ತಿದವರಲ್ಲ. ಇದರಲ್ಲಿ ಏನು ಮಜಾ ಅಂತ ಬಲ್ಲ ಓದುಗರು ಯಾರಾದರೂ ಬರೆದು ತಿಳಿಸಲಿ.

– ಒಬ್ಬ ಓದುಗ, ಡೊಂಬಿವಲಿ