ಮೆಡಿಕಲ್ ಅಂಗಡಿಯಿಂದ ಮಗಳಿಗೊಂದು ಪತ್ರ

ಪುಟ್ಟಿ,

ಭಾನುವಾರ ಫೋನಿನಲ್ಲಿ ನಾನು ಹಾಗೆ ಕೂಗಾಡಬಾರದಿತ್ತು. ‘ಒಂದೇ ಒಂದು ಬಿಯರ್ ಅಮ್ಮ’ ಅಂದೆ ನೀನು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅದಕ್ಕೇ ಗಿರಾಕಿ ಇಲ್ಲದ ಹೊತ್ತು ನೋಡಿ ಬರೆಯಲು ಕೂತಿದ್ದೇನೆ.

ಆದರೆ ಆ ‘ಒಂದೇ ಒಂದು’ ಬಗ್ಗೆ ನನ್ನದೊಂದು ತಕರಾರಿದೆ. ಸ್ಟ್ರಾಂಗ್ ಬಿಯರ್ ಅಲ್ವಾ? ಅದರಲ್ಲಿ ಶೇ 8ರವರೆಗೂ ಆಲ್ಕೋಹಾಲ್ ಇರುತ್ತದೆ. ಅಂದರೆ 650 ಎಂ.ಎಲ್. ಬಾಟಲಿಯಲ್ಲಿ 52 ಎಂ.ಎಲ್. ವಿಸ್ಕಿಯ 30 ಎಂ.ಎಲ್. ಪೆಗ್‌ನಲ್ಲಿ ಸುಮಾರು 13. ನೀನೇ ಲೆಕ್ಕ ಹಾಕು, ನಾಲ್ಕು ಪೆಗ್ ಆಯ್ತು. ಜೊತೆಯ ಹುಡುಗ ಅಷ್ಟೇ ಕುಡಿದರೂ ನಿನಗೆ ಬೇಗ ಏರುತ್ತದೆ. ಹೆಂಗಸರ ಮೈಯಲ್ಲಿ ನೀರಿನಂಶ ಕಡಿಮೆ. ಸಮಾನತೆ ಗಿಮಾನತೆ ಅಂತ ಇದಕ್ಕೂ ಜಗಳಕ್ಕೆ ಬರಬೇಡ.

ಅಂಗಡಿಗೆ ಪಕ್ಕದೂರಿನಿಂದ ಬಸ್ಸಿನಲ್ಲಿ ಹುಡುಗಿಯರು ಬರುತ್ತಾರೆ. ಬೇರೆಯವರು ಹೋಗುವ ತನಕ ಸುಮ್ನೆ ಶಾಂಪೂ ನೋಡುತ್ತಾ ನಿಂತಿರುತ್ತಾರೆ. ಆಮೇಲೆ ಮೆಲ್ಲಗೆ ‘ಆ ಮಾತ್ರೆ ಆಂಟಿ’ ಅನ್ನುತ್ತಾರೆ. ಬಸುರಾಗದಂತೆ ತಡೆಯುವ ತುರ್ತು ಮಾತ್ರೆ ಅದು. ಪೇಪರಿನಲ್ಲಿ ಸುತ್ತಿ ಕೊಡುತ್ತೇನೆ. ಜೊತೆಗೆ ಹೇಳುತ್ತೇನೆ: ಸಂಬಂಧ ಆದ 72 ಗಂಟೆಯೊಳಗೆ ನುಂಗಬೇಕು, ಬೇಗ ನುಂಗಿದಷ್ಟೂ ಒಳ್ಳೆಯದು. ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ತಗೋಬೇಕು. ಅದು ಕಾಯಿಲೆ ತಡೆಯುವುದಿಲ್ಲ, ಆ ಕೆಲಸಕ್ಕೆ ಕಾಂಡೋಮೇ ಬೇಕು.

ನಿನ್ನೆ ಒಬ್ಬಳು ಬಂದಳು. ಐದೋ ಆರೋ ದಿನ ಕಳೆದಿತ್ತು. ಯಾವತ್ತು ಅಂತ ಅವಳಿಗೇ ಸರಿಯಾಗಿ ನೆನಪಿಲ್ಲ. ‘ಕುಡಿದಿದ್ದೆ ಆಂಟಿ’ ಅಂದಳು. ಡಾಕ್ಟರ ಹತ್ತಿರ ಹೋಗು ಅಂದೆ. ‘ಅಮ್ಮನಿಗೆ ಹೇಳಿದೀಯಾ?’ ಅಂದರೆ, ‘ಅಯ್ಯೋ, ಕೊಂದೇ ಬಿಡ್ತಾರೆ’ ಅಂದಳು. ನಿನ್ನಷ್ಟೇ ವಯಸ್ಸು. ಭಾನುವಾರದ ನನ್ನ ಕೂಗಾಟ ನೆನಪಾಗಿ ಚಿಲ್ಲರೆ ಎಣಿಸುವುದೇ ತಪ್ಪಿಹೋಯಿತು.

ಕುಡಿಯಬೇಡ ಅನ್ನುವುದು ನನ್ನಾಸೆ. ನೀನು ಕೇಳುತ್ತೀಯೋ ಬಿಡುತ್ತೀಯೋ. ಆದರೆ ಯಾರ ಜೊತೆ, ಎಲ್ಲಿಯವರೆಗೆ ಅನ್ನುವುದನ್ನು ಗ್ಲಾಸು ಕೈಗೆ ಬರುವ ಮೊದಲೇ ತೀರ್ಮಾನ ಮಾಡಿಕೋ. ಎಚ್ಚರವಿರುವಾಗ ಬೇಡ ಅನಿಸಿದ್ದು ಆಮೇಲೂ ಬೇಡವೇ. ಅಮಲಿನಲ್ಲಿ ಅರಿವಿಲ್ಲದೆ ಹೂಂ ಅಂದದ್ದನ್ನು ಕಾನೂನು ಕೂಡ ಒಪ್ಪಿಗೆ ಅನ್ನುವುದಿಲ್ಲ. ಹಾಗೇನಾದರೂ ಆದರೆ ತಪ್ಪು ಕುಡಿದವಳದಲ್ಲ, ಇದನ್ನು ನೆನಪಿಟ್ಟುಕೋ.

ಬಸುರಿಯಾದೆ ಅಂತಲೇ ಇಟ್ಟುಕೋ. ಗರ್ಭಪಾತದ ವಿಷಯದಲ್ಲಿ ಮದುವೆಯಾಗದವರಿಗೂ ಮದುವೆಯಾದವರಷ್ಟೇ ಹಕ್ಕಿದೆ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 18 ದಾಟಿದವಳಿಗೆ ಅವಳ ಒಪ್ಪಿಗೆಯೇ ಸಾಕು. ಅಪ್ಪನದ್ದು ಬೇಡ, ನನ್ನದೂ ಬೇಡ. ಆದರೂ ನನಗೆ ಫೋನ್ ಮಾಡು. ಮೊದಲು ಬಸ್ ಹತ್ತುತ್ತೇನೆ, ಬೈಯುವುದು ಆಮೇಲೆ.

ಕೊರಿಯರ್‌ನಲ್ಲಿ ಹುಚ್ಚೆಳ್ಳು ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಕಳಿಸಿದ್ದೇನೆ. ತಳದಲ್ಲಿ ಇನ್ನೊಂದು ಪೊಟ್ಟಣ ಇದೆ. ಅಂಗಡಿ ಅಭ್ಯಾಸ ನೋಡು, ಅದನ್ನೂ ಪೇಪರಿನಲ್ಲೇ ಸುತ್ತಿಬಿಟ್ಟಿದ್ದೇನೆ.

ಅಮ್ಮ