ಪ್ರೊಜೆಕ್ಟರ್ ಕೋಣೆಯ ಅಣ್ಣನಿಗೆ ಧನ್ಯವಾದ

ರೀಲಿನ ಕಾಲದಲ್ಲಿ ನಮ್ಮೂರ ಟಾಕೀಸಿನ ಪ್ರೊಜೆಕ್ಟರ್ ನಡೆಸಿದ ಅಣ್ಣ, ನಿಮಗೆ ಮನಸಾರೆ ಧನ್ಯವಾದ. 2,000 ಅಡಿಯ ರೀಲು ಓಡುವುದು ಸುಮಾರು 22 ನಿಮಿಷ. ಅದು ಮುಗಿಯುವ ಮುನ್ನ ಪರದೆಯ ಬಲಮೂಲೆಯಲ್ಲಿ ಮೇಲ್ಗಡೆ ಮೊದಲ ಚುಕ್ಕೆ ಮಿಂಚಿದೊಡನೆ, ಮುಂದಿನ ರೀಲು ಏರಿಸಿಟ್ಟ ಎರಡನೇ ಪ್ರೊಜೆಕ್ಟರಿನ ಮೋಟಾರು ಚಾಲೂ. ಏಳು ಸೆಕೆಂಡಿಗೆ ಇನ್ನೊಂದು ಚುಕ್ಕೆ ಬಂತೆಂದರೆ ಬೆಳಕು ಅತ್ತ ಬದಲಾಗಲೇಬೇಕು. ತಡವಾದರೆ ಪರದೆಯೆಲ್ಲ ಬೆಳ್ಳಗೆ, ಕೆಳಗಡೆ ಶಿಳ್ಳೆ. ಪ್ರೊಜೆಕ್ಟರಿನಲ್ಲಿ ಫಿಲ್ಮಿನ ಮೇಲೆ ದೀಪದ ಬೆಳಕು ಬೀಳುವ ಕಿಂಡಿಯಾದ ಗೇಟಿನ ಮೇಲೂ ಕೆಳಗೂ ಫಿಲ್ಮನ್ನು ಸ್ವಲ್ಪ ಸಡಿಲ ಬಿಡದಿದ್ದರೆ ಚಿತ್ರ ಕುಣಿಯುತ್ತದೆ, ಅಂಚಿನ ತೂತುಗಳು ಹರಿಯುತ್ತವೆ. ಫಿಲ್ಮು ಅಲ್ಲೇ ನಿಂತರಂತೂ ದೀಪದ ಕಾವಿಗೆ ಸುಟ್ಟು ಗುಳ್ಳೆಯೇಳುತ್ತದೆ. ಹಳೇ ಪ್ರಿಂಟಿನ ಒಂದೊಂದು ಜೋಡಣೆಯನ್ನೂ ಬೆರಳಲ್ಲಿ ಸವರಿ ನೋಡಿ, ಬಿಟ್ಟುಕೊಂಡಿದ್ದನ್ನು ಮತ್ತೆ ಅಂಟಿಸಿಯೇ ನೀವು ರೀಲು ಏರಿಸುತ್ತಿದ್ದಿರಿ. ನಾವೆಲ್ಲ ತಡೆಯಿಲ್ಲದೆ ಸಿನಿಮಾ ನೋಡಿ ಖುಷಿಪಟ್ಟಿದ್ದು ಅದರಿಂದಲೇ, ಅಣ್ಣ.